ಚತುರ್ಥಿ ವಿಭಕ್ತಿ

"ನೀವು ಓದಿದ್ದು ನರ್ಸಿಂಗಾ, ಬಾಯಿ?"
ಚಹಾ ಸೋಸುತ್ತ ಹರಿಣಾಕ್ಷಿ ಕೇಳುತ್ತಾಳೆ.
ಅಲ್ಲ.
"ಮತ್ತೆ?"
ಏನು ಹೇಳಲಿ. ಕೊಣಾಜೆಯ ಗುಡ್ಡದ ಮೇಲೆ
ಒಂದಿಷ್ಟು ಭಾಷಾವಿಜ್ಞಾನ, ಒಂದಿಷ್ಟು ಅಂಕಿಸಂಖ್ಯೆ,
ಅರ್ಥಶಾಸ್ತ್ರ, ಅರ್ಧಕ್ಕೆ ನಿಂತ ಶರೀರಶಾಸ್ತ್ರ,
ಊಟದ ಮೇಲಿನ ತಾಸಿನಲ್ಲಿ ತತ್ವಶಾಸ್ತ್ರ,
ಅದರಲ್ಲಿ ನಿದ್ದೆ.
ಧಕ್ಕೆಯಲ್ಲಿ ಐಸ್ ಮಾರುವ ವಿತ್ತೋರ್ ಮಾಮ ಆಗಲೇ ಅಂದಿದ್ದ:
"ಎರಡು ದೋಣಿಗೆ ಕಾಲಿಟ್ಟವರೇ ನೀರಿಗೆ ಬೀಳುತ್ತಾರೆ,
ನೀನು ಐದಕ್ಕೆ ಇಟ್ಟಿದ್ದೀ ಪ್ರೆಸಿಲ್ಲಾ,
ಕಾಲು ಎಲ್ಲಿಂದ ತಂದೆ?"

ತೊಕ್ಕೊಟ್ಟಿನ ರೈಲು ಹಳಿಯ ಆಚೆ, ಈ ಕೋಣೆ.
ರೈಲು ಹೋದಾಗಲೆಲ್ಲ ಮಾತ್ರೆಯ ಬಾಟಲಿ
ಸ್ಟೂಲಿನ ಮೇಲೆ ಒಂದು ನೂಲಿನಷ್ಟು ಸರಿಯುತ್ತದೆ.
ಮೊದಲ ದಿನ ರಾಜೀವಿಯಕ್ಕನ ಮುಂದೆ
ಮುಖಗಳ ಹಾಳೆ ಹಿಡಿದಿದ್ದೆ.
ಸೊನ್ನೆಗೆ ನಗು, ಹತ್ತಕ್ಕೆ ಅಳು,
ನಿಮ್ಮ ನೋವು ಯಾವುದು, ಬೆರಳಿಡಿ.
ಅವಳು ಒಂದೊಂದನ್ನೂ ನೋಡಿದಳು, ನಿಧಾನಕ್ಕೆ,
ಮದುವೆ ಸಂಬಂಧದ ಫೋಟೋ ನೋಡುವ ಹಾಗೆ.
"ಇವರು ಯಾರೂ ನಮ್ಮ ಕಡೆಯವರಲ್ಲ."
ಹಾಳೆ ವಾಪಸು ಬಂತು.
"ಕಟ್ಟಿನ ಲೆಕ್ಕದಲ್ಲಿ ಹೇಳಿದರೆ ಆಗುತ್ತದಾ?
ಇವತ್ತು ಮೂವತ್ತು ಕಟ್ಟು."

ಹರಿಣಾಕ್ಷಿ ನಾಚಿದಳು, "ಅಮ್ಮನಿಗೆ ಮರುಳು."
ಆದರೆ ನಾನು ಎರಡನೇ ವರ್ಷ, ಸರ್ವೆಯ ಫಾರಂ ಹಿಡಿದು
ಇಂಥ ಚಾವಡಿಗಳಲ್ಲೇ ಕೂತಿದ್ದೆ:
ದಿನಕ್ಕೆ ಎಷ್ಟು ಬೀಡಿ, ಎಷ್ಟು ಮಜೂರಿ,
ಬ್ರಾಂಚಿನಲ್ಲಿ ಎಷ್ಟು ಎತ್ತಿ ಬಿಸಾಡುತ್ತಾರೆ.
ಕಟ್ಟಿಗೆ ಇಪ್ಪತ್ತೈದು.
ಸಾವಿರ ಅಂದರೆ ನಲವತ್ತು ಕಟ್ಟು, ಒಂದು ಇಡೀ ದಿನ,
ಸೊಂಟ ನೆಟ್ಟಗಾಗದ ದಿನ.
ನಲವತ್ತರಲ್ಲಿ ಮೂವತ್ತು.
ಡಾಕ್ಟರಿಗೆ ಫೋನು ಹಚ್ಚಿ ಹೇಳಿದೆ: ಏಳೂವರೆ.
ಅಂಕಿಸಂಖ್ಯೆಯ ಮೇಷ್ಟ್ರು ಬೋರ್ಡಿಗೆ ಬೆನ್ನು ಹಾಕಿ
ಹೇಳಿದ್ದು ಒಂದೇ ನೆನಪಿದೆ ನನಗೆ,
ಉಳಿದದ್ದು ಪರೀಕ್ಷೆಯ ಮರುದಿನವೇ ಹೋಯಿತು:
ಅಂಕಿ ಕೇಳುವ ಮೊದಲು ಅಳತೆ ಯಾರದು ಎಂದು ಕೇಳಿ.

ನೆನಪಿದೆ *ನನಗೆ*. ನೋಡಿ, ಇಲ್ಲೂ ಅದೇ.
ನಾನು ನೋವು ಮಾಡುವುದಿಲ್ಲ, ನನಗೆ ನೋವು.
ನನಗೆ ಹಸಿವು, ನನಗೆ ನಿದ್ದೆ, ನನಗೆ ಹೆದರಿಕೆ.
ರಾಜೀವಿಯಕ್ಕನ ತುಳುವಿನಲ್ಲಿ ಎಂಕ್ ಬೇನೆ,
ನನ್ನ ಮನೆಯ ಕೊಂಕಣಿಯಲ್ಲಿ ಮ್ಹಾಕಾ ದುಕ್ತಾ.
ಬೇರೆ ಬೇರೆ ಬಾಗಿಲು, ಹೊಸ್ತಿಲು ಒಂದೇ ಎತ್ತರ.
ಕರೆಯದೆ ಬಂದವರು ಎದುರು ಕೂತ ಹಾಗೆ
ಈ ವಿಭಕ್ತಿಯೊಳಗೆ ನೋವು ಬಂದು ಕೂರುತ್ತದೆ.
ಹಾಗಾಗಿ "ಎಲ್ಲಿ ನೋವು?" ಎನ್ನುವುದಿಲ್ಲ ನಾನು ಈಗ.
"ಯಾವಾಗ ಬಂತು?" ಎನ್ನುತ್ತೇನೆ.
"ನಸುಕಿಗೆ, ಬಾಂಗ್ ಆಗುವ ಹೊತ್ತಿಗೆ,"
ಎನ್ನುತ್ತಾಳೆ ಅವಳು, ನೆಂಟರ ವಿಷಯದಂತೆ.

ಕಳೆದ ವಾರದಿಂದ ಮಾತಿಲ್ಲ.
ಬೆರಳು ಮಾತ್ರ ಗಾಳಿಯಲ್ಲಿ ಆಡುತ್ತದೆ,
ಹೊದಿಕೆಯ ಅಂಚು ಹಿಡಿದು, ಸುತ್ತಿ, ಬಿಟ್ಟು, ಮತ್ತೆ ಹಿಡಿದು.
ಚಾರ್ಟಿನಲ್ಲಿ ಬರೆದಿದ್ದಾರೆ: ಗೊಂದಲ, ಹೊದಿಕೆ ಕೀಳುವುದು.
ಸರಿ. ಆ ಪಾಠಕ್ಕೆ ನಾನು ಎಚ್ಚರ ಇದ್ದೆ,
ಮಿದುಳು ದೀಪ ಆರಿಸುತ್ತ ಹೊರಡುವ ಕ್ರಮ ಅದು.
ಮತ್ತು ಅವಳು ಬೀಡಿ ಕಟ್ಟುತ್ತಿದ್ದಾಳೆ. ಅದೂ ಸರಿ.
ಎರಡನ್ನೂ ಒಂದೇ ಮಂಚದಲ್ಲಿ ಮಲಗಿಸಲು
ಯಾವ ಪತ್ರಿಕೆಯಲ್ಲಿ ಕಲಿತೆನೋ ಗೊತ್ತಿಲ್ಲ.
ನಿದ್ದೆ ಮಾಡಿದ ತಾಸಿನಲ್ಲೇ ಇರಬೇಕು.

ಅಟ್ಟದಿಂದ ಹಳೆಯ ತಡ್ಪೆ ಇಳಿಸಲು ಹೇಳಿದೆ.
ಕತ್ತರಿ, ನೂಲು, ಒಣಗಿ ಹುಡಿಯಾಗುವ ಎಲೆ.
ನೀರು ಚಿಮುಕಿಸಿ, ಹೊಗೆಸೊಪ್ಪಿಲ್ಲದೆ,
ಹರಿಣಾಕ್ಷಿ ಹತ್ತು ಸುತ್ತುವಷ್ಟರಲ್ಲಿ ನಾನು ಎರಡು.
ಚಹಾ ಆರಿತು. ಒಂದು ರೈಲು ಹೋಯಿತು.
ಕಟ್ಟಿ, ಅವಳ ಅಂಗೈಯಲ್ಲಿ ಇಟ್ಟೆ.

ಬೆರಳು ನಿಂತವು.
ಹೆಬ್ಬೆರಳು ತಲೆಗಳ ಮೇಲೆ ಹರಿದಾಡಿತು,
ಒಂದು ಸುತ್ತು, ಇನ್ನೊಂದು ಸುತ್ತು.
ಕಣ್ಣು ತೆರೆಯದೆ ಕಟ್ಟನ್ನು ನನ್ನತ್ತ ತಳ್ಳಿದಳು.
"ಒಂಜಿ ಕಮ್ಮಿ ಉಂಡು."