ಅರ್ಕಾವೊತ್ತು

ಟಪಾಲಿನವ ಬಂದಾಗ ಹನ್ನೊಂದೂವರೆ.
ನೋಂದಣಿ ಅಂಚೆ. ಬೆಳಗಾವಿಯ ಮುದ್ರೆ. ನ್ಯಾಯಮಂಡಳಿಯದು.
ಆವಕ ವಹಿಯಲ್ಲಿ ನಾನೇ ಬರೆದುಕೊಂಡೆ:
ಕ್ರಮ ಸಂಖ್ಯೆ ಎರಡು ಸಾವಿರದ ನೂರಾ ಆರು,
ಯಾರಿಂದ, ವಿಷಯ, ಪುಟಗಳು ನಲವತ್ತೊಂದು.
ಐದನೇ ಪ್ರತಿವಾದಿ: ಶ್ರೀಮತಿ ಮಹಾನಂದಾ ಐಲಿ,
ದ್ವಿತೀಯ ದರ್ಜೆ ಸಹಾಯಕಿ,
ಸಣ್ಣ ನೀರಾವರಿ ಉಪವಿಭಾಗ, ಗದಗ.
ಹದಿನೆಂಟು ವರ್ಷ ಇದೇ ವಹಿ ಬರೆದರೂ
ನನ್ನ ಹೆಸರು ಅದರೊಳಗೆ ಬಂದದ್ದು ಅದೇ ಮೊದಲು.
ಶಾಯಿ ಒಣಗಲಿ ಅಂತ ಊದಿದೆ.

ಅರ್ಜಿದಾರ ಮುದುಕಪ್ಪ ಹೊಂಬಳ.
ಹೆಸರಿಗಷ್ಟೇ ಮುದುಕಪ್ಪ, ನನಗಿಂತ ಒಂಬತ್ತು ವರ್ಷ ಚಿಕ್ಕವ,
ನನ್ನ ಎದುರಿನ ಟೇಬಲ್ಲು.
ಕಪಾಟಿನ ಮೇಲೆ ಕತ್ತು ತಿರುವುವ ಫ್ಯಾನು,
ಇಬ್ಬರಿಗೂ ಪಾಳಿಯ ಗಾಳಿ.
'ಅಕ್ಕಾರ, ಸಿಟ್ಟಾಗಬ್ಯಾಡ್ರಿ,
ಕೇಸು ನಿಮ್ಮ ಮ್ಯಾಲೆ ಅಲ್ರಿ, ಯಾದಿ ಮ್ಯಾಲೆ'
ಅಂದದ್ದು ನಿನ್ನೆ, ಚಹಾದಂಗಡಿಯಲ್ಲಿ.
ಚಹಾದ ದುಡ್ಡೂ ಅವನೇ ಕೊಟ್ಟ.
ಇವತ್ತು ಬೆಳಿಗ್ಗೆಯಿಂದ ಫೈಲು ಬಿಟ್ಟು ತಲೆ ಎತ್ತಿಲ್ಲ.

ತಕರಾರು ಇಷ್ಟೇ:
ಹತ್ತು ಆಯಿತು, ಮೇಲೆ ಮೂರು ಆಯಿತು,
ನಡುವಿನ ಎರಡು ಎಲ್ಲಿ?
ಪಿಯುಸಿ ಇಲ್ಲದ ಬಿಎ ಪದವಿಯೇ ಅಲ್ಲ.
ಮುಕ್ತ ವಿಶ್ವವಿದ್ಯಾಲಯ ಮುಕ್ತವಾಗಿರಬಹುದು,
ಪ್ರಥಮ ದರ್ಜೆಯ ಬಾಗಿಲಿಗೆ ಅಗಳಿ ಇದೆ
ಎಂಬುದನ್ನೇ ವಕೀಲರ ಮಾತಿನಲ್ಲಿ ಏಳು ಪುಟ.

ನಡುವಿನ ಎರಡು ಬೆಟಗೇರಿಯಲ್ಲಿವೆ.
ಅಪ್ಪನ ಕೆಮ್ಮಿಗೆ ಮಗ್ಗ ನಿಂತ ವರ್ಷ ಒಂದು,
ಆ ಮಗ್ಗಕ್ಕೆ ಕಾಕಾ ಕೂತ ವರ್ಷ ಇನ್ನೊಂದು.
ಎರಡೂ ವರ್ಷ ಅವ್ವನ ಮಗ್ಗುಲಿಗೆ ಕುಂತು ಕಂಡಿಕಿ ಸುತ್ತಿದೆ.
ದಿನಕ್ಕೆಷ್ಟು ಸುತ್ತಿದೆ ಅಂತ
ಯಾರೂ ಅಂಕಪಟ್ಟಿ ಕೊಡಲಿಲ್ಲ.
ಈಗ ಮೇಲಿನ ಕಚೇರಿ ಕೇಳಿದೆ,
ಏಳು ದಿನದೊಳಗೆ 'ಕಂಡಿಕೆವಾರು ಉತ್ತರ'.
ಸರ್ಕಾರ ಎಲ್ಲಿಂದ ತಂದಿತೋ ಈ ಮಾತು!
ಒಬ್ಬಳೇ ಕೂತು ನಕ್ಕೆ.
ಜವಾನ ಹಜರೇಸಾಬ ಬಾಗಿಲಿಂದ ಇಣುಕಿದ,
'ಏನಾತ್ರಿ ಬಾಯಾರ?'

ಓದಿದೆ, ಒಂದನೇ ಕಂಡಿಕೆಯಿಂದ.
ಮೂರನೇ ಪುಟ, ಕೆಳಗಿನಿಂದ ನಾಲ್ಕನೇ ಸಾಲು:
'ಸದರಿ ಐದನೇ ಪ್ರತಿವಾದಿಗೆ ವಿದ್ಯಾಹರ್ತೆ ಇರುವುದಿಲ್ಲ.'
ವಿದ್ಯಾಹರ್ತೆ.
'ಹ'ದ ಮಗ್ಗುಲಿಗೆ ಇರಬೇಕಾದ ಅರ್ಕಾವೊತ್ತು
ಯಾವ ಜ್ಯೇಷ್ಠತಾ ಯಾದಿಯನ್ನೂ ಕೇಳದೆ
ಒಂದಕ್ಷರ ಮುಂದಕ್ಕೆ ಬಡ್ತಿ ಪಡೆದಿದೆ.
ಬೆರಳಚ್ಚಿನವನ ಅವಸರ ಇರಬಹುದು.
ಅಲ್ಲ. ಮುದುಕಪ್ಪನದೇ ಕೈ, ನನಗೆ ಗೊತ್ತು.
ಹತ್ತು ವರ್ಷ ಅವನ ಟಿಪ್ಪಣಿಗಳಲ್ಲಿ ಅದನ್ನು
ಕಿವಿ ಹಿಡಿದು ವಾಪಸು ಕೂಡಿಸಿದವಳು ನಾನು,
ಸಾಹೇಬರ ಟೇಬಲ್ಲಿಗೆ ಹೋಗುವ ಮೊದಲು,
ಪೆನ್ಸಿಲಿನಲ್ಲಿ.

ಹರ್ತೃ ಅಂದರೆ ಕದ್ದೊಯ್ಯುವವ.
ಕಲಿತದ್ದು ಹುಬ್ಬಳ್ಳಿಯಲ್ಲಿ, ಭಾನುವಾರದ ಸಂಪರ್ಕ ತರಗತಿ,
ಯಾವುದೋ ಕಾಲೇಜಿನ ಕಟ್ಟಕಡೆಯ ಕೋಣೆ.
ನಾವು ಹನ್ನೊಂದು ಮಂದಿ:
ಕಂಡಕ್ಟರು ಇಬ್ಬರು, ನರ್ಸು ಒಬ್ಬಳು,
ಮಗುವಿಗೆ ಹಾಲೂಡಿಸುತ್ತಲೇ ಷಟ್ಪದಿಗೆ ಗಣ ಹಾಕುತ್ತಿದ್ದ
ನರಗುಂದದ ಅಂಗನವಾಡಿ ಟೀಚರು.
ಸಂಜೆ ಪ್ಯಾಸೆಂಜರಿಗೆ ಓಡುವುದು.
ಅಣ್ಣಿಗೇರಿ ದಾಟುವ ತನಕ ಬೆರಳ ಗೆಣ್ಣಲ್ಲಿ
ಲಘು, ಗುರು, ಲಘು, ಲಘು.
ಎದುರಿಗೆ ಕೂತವರು ನನ್ನನ್ನು
ಸಾಲದ ಬಡ್ಡಿ ಎಣಿಸುವವಳು ಅಂದುಕೊಂಡಿರಬೇಕು.

ಅಂದಮೇಲೆ ಮುದುಕಪ್ಪ ಬರೆದದ್ದೇನು?
ವಿದ್ಯೆ ಕದ್ದದ್ದು ಇರುವುದಿಲ್ಲ.
ಹಾಳೆ ತೆಗೆದುಕೊಂಡು ಬರೆದೆ:
'ಮೂರನೇ ಪುಟದ ಹೇಳಿಕೆಯನ್ನು
ಪ್ರತಿವಾದಿಯು ಯಥಾವತ್ತಾಗಿ ಒಪ್ಪುತ್ತಾಳೆ.'
ಮತ್ತೆ ಓದಿದೆ. ಹರಿದೆ.
ನ್ಯಾಯಮಂಡಳಿಗೆ ನಗಲು ಪುರಸೊತ್ತಿಲ್ಲ,
ನನಗೆ ಉಳಿದ ಸೇವೆ ನಾಲ್ಕು ವರ್ಷ.

ಮೂರು ಗಂಟೆಗೆ ಫ್ಯಾನು ನಿಂತಿತು, ಕರೆಂಟಿಲ್ಲ.
ಮುದುಕಪ್ಪ ಎದ್ದ. ನನ್ನ ಟೇಬಲ್ಲಿನ ಮೂಲೆಗೆ
ಡಂಬಳದ ಕೆರೆ ದುರಸ್ತಿಯ ಟಿಪ್ಪಣಿ ಇಟ್ಟ,
ಮುಖ ಕಿಟಕಿಯ ಕಡೆ.
'ಅಕ್ಕಾರ, ಇದೊಂದು ಸ್ವಲ್ಪ ನೋಡ್ರಿ...'
ಮೊದಲ ಸಾಲಲ್ಲೇ
ಅನುದಾನ ವಗಾರ್ವಣೆ.

ಪೆನ್ಸಿಲಿನ ಮೊನೆ ಮುರಿದಿತ್ತು.
ಡ್ರಾವರಿನಿಂದ ಬ್ಲೇಡು ತೆಗೆದು
ಕೆತ್ತತೊಡಗಿದೆ, ನಿಧಾನಕ್ಕೆ,
ಅವನು ನಿಂತೇ ಇದ್ದ.