ಹದಿಮೂರನೆಯ ತಟ್ಟು

ಬೆಳಗಿನ ಆರೂವರೆ, ಎಂಗಡೀನ್ ಕಣಿವೆ. ಮೈನಸ್ ಹದಿನೇಳು.
ಮೆಂಗಿಯಾ ಸಲಿಕೆ ಊರಿ ನಿಂತು
ಮೊದಲು ಗಾಳಿಯನ್ನು ವಿಚಾರಿಸಿದಳು:
ರಾತ್ರಿಯೆಲ್ಲ ಎಲ್ಲಿಂದ ಎತ್ತಿ
ಎಲ್ಲಿಗೆ ಹೊತ್ತು ಹಾಕಿದೆ, ಹೇಳು.

ಗಾಳಿ ಹೇಳುವುದಿಲ್ಲ. ಬೇಲಿಗೂಟ ಹೇಳುತ್ತದೆ.
ಪಡುವಣಕ್ಕೆ ಮುಖಮಾಡಿ ಬೆಳೆದ ಬಿಳಿ ಗರಿ;
ಅಂದರೆ ಹೊರೆಯೆಲ್ಲ ಮೂಡಣ ಇಳಿಜಾರಿನ ಹೆಗಲಿಗೆ.

ಆಮೇಲೆ ಗುಂಡಿ. ಎದೆಮಟ್ಟ ತೋಡಿ
ಗೋಡೆಯನ್ನು ಕೈಗವಸಿನಲ್ಲಿ ಸವರಿ
ಓದತೊಡಗಿದಳು ಮೇಲಿನಿಂದ ಕೆಳಗೆ:
ನಿನ್ನೆಯದು, ಮುಷ್ಟಿ ಹೂತುಹೋಗುವಷ್ಟು ಮೆತ್ತಗೆ.
ಕ್ರಿಸ್‌ಮಸ್ಸಿನದು, ಪೆನ್ಸಿಲ್ ಮಾತ್ರ ನಾಟುತ್ತದೆ.
ಒಂದು ದಿನ ಮಳೆ ಬಂದಿತ್ತಲ್ಲ, ಆ ಗಾಜಿನ ಗೆರೆ.
ತಳದಲ್ಲಿ ನವೆಂಬರು.

ನನ್ನ ಅಂಗೈಗೆ ಸುರಿದಳು ನವೆಂಬರನ್ನು.
ಹುರಿದ ರವೆಯ ಹಾಗೆ ಉದುರುದುರು,
ಎಷ್ಟು ಹಿಸುಕಿದರೂ ಉಂಡೆ ಕಟ್ಟದು.
ಒಂದೊಂದು ಕಾಳೂ ಒಳಗೇ ಕೊರೆದ
ಪುಟ್ಟ ಬಟ್ಟಲು.
"ಆ ತಿಂಗಳು ಬಿದ್ದದ್ದು ಮೊಣಕಾಲುದ್ದವೂ ಇಲ್ಲ.
ಆಮೇಲೆ ಮೂರು ವಾರ ಬರೀ ಬಿಸಿಲು, ರಾತ್ರಿಗೆ ನಕ್ಷತ್ರ.
ಎಂಥಾ ಚೆಂದದ ಹವೆ ಅಂದರು ಎಲ್ಲರೂ.
ನಾನೂ ಅಂದೆ."

ಕಡೆದು ನಿಲ್ಲಿಸಿದ ಹಿಮದ ಕಂಬದ ಮೇಲೆ ಸಲಿಕೆಯಿಟ್ಟು
ಮಣಿಕಟ್ಟಿನಿಂದ ಹತ್ತು ಸಲ ತಟ್ಟಿದಳು,
ಮಗುವನ್ನು ಮಲಗಿಸುವ ಹಾಗೆ.
ಏನಿಲ್ಲ.
ಮೊಣಕೈಯಿಂದ ಹನ್ನೊಂದು. ಹನ್ನೆರಡು.
ಹದಿಮೂರಕ್ಕೆ ಇಡೀ ಚಳಿಗಾಲ
ಮೇಜಿನಿಂದ ಪುಸ್ತಕ ಜಾರಿದಂತೆ
ಅವಳ ಮಂಡಿಗೆ ಬಂದು ಬಿತ್ತು.

ರೇಡಿಯೋದಲ್ಲಿ ಅಂದಳು: ಮೂರು.
ಐದರಲ್ಲಿ ಮೂರು.

ಚರ್ಚಿನ ಬಳಿ ಹಲಗೆಯ ಅಂಕಿ ತಿರುವುವಾಗ
ಸ್ಕೀ ತಳಕ್ಕೆ ಪಟ್ಟಿ ಅಂಟಿಸುತ್ತಿದ್ದ ಹುಡುಗರಿಬ್ಬರು
"ಬರೀ ಮೂರಾ?" ಎಂದರು.

"ಐದಿದ್ದ ದಿನ ಊರೇ ಬಾಗಿಲು ಹಾಕಿಕೊಳ್ಳುತ್ತದೆ," ಎಂದಳು,
"ಆಡಿನ ಕೊಟ್ಟಿಗೆಗೂ ಹಗ್ಗ ಹಿಡಿದೇ ಹೋಗುತ್ತೇವೆ.
ಐದರಲ್ಲಿ ನಾನು ಯಾರನ್ನೂ ಅಗೆದು ತೆಗೆದಿಲ್ಲ.
ತೆಗೆದ ಏಳು ಮಂದಿಯೂ ಮೂರರವರು.
ಕುರ್ಡಿನ್ ಮೂರರವನು."

ಕುರ್ಡಿನ್ ಯಾರೆಂದು ಅವರು ಕೇಳಲಿಲ್ಲ. ನಾನೂ.
ಅವಳ ಹೊಸ್ತಿಲ ಒಳಗೆ ಗೋಡೆಗೊರಗಿ
ಒಂಟಿ ಸ್ಕೀ ಒಂದಿದೆ,
ಧೂಳು ಕೂತದ್ದನ್ನು ಯಾರೂ ನೋಡಿಲ್ಲ.

ಮಧ್ಯಾಹ್ನ ಅಡುಗೆಮನೆ. ಅವಳು ರೈ ಬ್ರೆಡ್ಡು ಕೊಯ್ಯುತ್ತಿದ್ದಳು.
ಕಿಟಕಿಯಲ್ಲಿ ಎದುರು ಬೆಟ್ಟ,
ಕಾಡಿನ ಅಂಚಿನವರೆಗೆ ಎರಡು ಗೆರೆ,
ಅಲ್ಲಿಂದ ಮೇಲೆ ಯಾರೂ ಬರೆಯದ ಬಿಳುಪು.
ಅವರು ಕಾಡಿನೊಳಗೇ ತಿರುಗಿದರೋ,
ಇನ್ನೂ ಹೊರಬರಬೇಕೋ.

ಒಲೆಯೊಳಗೆ ಸೌದೆಯೊಂದು
ಧುಪ್ಪೆಂದು ಕುಸಿಯಿತು.

ಇಬ್ಬರೂ ತಿರುಗಿದೆವು,
ಒಲೆಯ ಕಡೆಗಲ್ಲ.