ಐದು ಸೆಂಟು ಹೆಚ್ಚು

ಡುಲೂತ್, ೧೯೩೩. ಸರೋವರದ ಮಂಜುಗಡ್ಡೆ ಇನ್ನೂ ಒಡೆದಿಲ್ಲ.
ವರ್ನರ್ ಹಾಲ್‌ಸ್ಟ್ರೋಮನ ಬೂಟಿನಂಗಡಿಯಲ್ಲಿ
ಸೋಮವಾರವೆಂದರೆ ಒದ್ದೆ ಬಟ್ಟೆ, ಒಂದು ತುಂಡು ಸೀಮೆಸುಣ್ಣ.
ಹಳೆಯ ಬೆಲೆ ಒರೆಸುವುದು, ಹೊಸದು ಬರೆಯುವುದು.
ನಾಲ್ಕು ಡಾಲರು ಮೂರೂವರೆಯಾಯಿತು, ಮೂರಾಯಿತು,
ಎರಡು ಎಂಬತ್ತಕ್ಕೆ ಬಂದು ಕೂತಿತು.
ಕೂರುವುದೆಲ್ಲಿ ಬಂತು, ಜಾರುವ ಮೊದಲು ಉಸಿರೆಳೆದುಕೊಂಡಿತು.

ಜನ ಬರುತ್ತಿರಲಿಲ್ಲವೆಂದು ಯಾರು ಹೇಳಿದ್ದು?
ಬಂದು ತೊಗಲು ಬಗ್ಗಿಸಿ ನೋಡುವರು, ಹೊಲಿಗೆ ಎಣಿಸುವರು,
'ಮುಂದಿನ ವಾರ' ಎನ್ನುವರು.
ಅವರ ಕಾಲಲ್ಲಿ ರಟ್ಟು ತುರುಕಿದ ಬೂಟು.

ನಮ್ಮ ಕಡೆ ಬಾಗಿಲ ಮೇಲೆ ಬರೆಯುತ್ತಿದ್ದರಲ್ಲ
'ನಾಳೆ ಬಾ' ಎಂದು, ದೆವ್ವ ಓದಿ ಹಿಂದಿರುಗಲೆಂದು?
ಆ ಊರಲ್ಲಿ ಯಾರೂ ಬರೆದಿರಲಿಲ್ಲ.
ಎಲ್ಲರೂ ಓದುತ್ತಿದ್ದರು.

ಹಿಲ್ಯಾ ಕೊಸ್ಕೆಲಾ, ಗಂಡ ಅದಿರುಕಟ್ಟೆಯಲ್ಲಿ ಕೆಲಸ ಕಳೆದುಕೊಂಡವನು,
ಕಾಫಿ ಡಬ್ಬಿಯಲ್ಲಿ ಹನ್ನೆರಡು ಡಾಲರು ಇಟ್ಟಿದ್ದಳು.
ದುಡಿಯದೆ, ಮಲಗಿಯೇ ಮೈತುಂಬಿಕೊಂಡ ಹಣ:
ಮೊದಲು ಮೂರು ಜೊತೆ ಬೂಟು, ಈಗ ನಾಲ್ಕು.
ಮಲಗಿದ ಮಗುವನ್ನು ಯಾರು ಎಬ್ಬಿಸುತ್ತಾರೆ?
ವರ್ನರನ ಸಾಲಕ್ಕೂ ಅದೇ ಊಟ, ಅದೇ ನಿದ್ದೆ.
ತೀರಿಸಿದಷ್ಟೂ ಭಾರ.

ಏಪ್ರಿಲಿನಲ್ಲಿ ಕ್ಷೌರದಂಗಡಿಯ ರೇಡಿಯೋ ಏನೋ ಹೇಳಿತು.
ಡಾಲರನ್ನು ಚಿನ್ನದ ಗೂಟದಿಂದ ಬಿಚ್ಚಿದರಂತೆ,
ಬೆಲೆ ಏರಿಸಿಯೇ ತೀರುತ್ತಾರಂತೆ.
ಬರೀ ಅಂತೆಕಂತೆ. ಚಿಮಣಿಗಳು ಹಾಗೇ ತಣ್ಣಗಿದ್ದವು,
ಯಾರ ಜೇಬಿಗೂ ಒಂದು ಕಾಸು ಹೊಸದಾಗಿ ಬಿದ್ದಿರಲಿಲ್ಲ.
ಅರ್ಧ ಗಡ್ಡದ ಸೋಪಿನಲ್ಲೇ ವರ್ನರ್ ಎದ್ದು ನಿಂತ.

ಸೋಮವಾರ ಬರೆದ: ಎರಡು ಎಂಬತ್ತೈದು.
ಕೈ ನಡುಗಿತು, ಕದ್ದವನ ಹಾಗೆ.
ಐದನ್ನು ಅಳಿಸಿದ. ಮತ್ತೆ ಬರೆದ.

ಹಿಲ್ಯಾ ಬಂದಳು, ಹಲಗೆ ನೋಡಿದಳು.
ಬೈಯುತ್ತಾಳೆಂದು ಕಾದ. ಬೈದಳು ಕೂಡ.
ಆಮೇಲೆ ದನಿ ತಗ್ಗಿಸಿ: 'ಇನ್ನೂ ಏರುತ್ತದೆಯೆ?'
ಅವನಿಗೇನು ಗೊತ್ತು.
'ಏರಬಹುದು' ಎಂದ.
ಆ 'ಬಹುದು' ಎರಡು ಜೊತೆ ಬೂಟು ಮಾರಿತು,
ಸಂಜೆಯ ಹೊತ್ತಿಗೆ ಏಳು.
ತೊಗಲು ಕಳಿಸಿ ಎಂದು ಮಿಲ್ವಾಕಿಗೆ ಕಾಗದ ಹೋಯಿತು.

ನಿವೃತ್ತ ಮೇಷ್ಟರು ಬ್ರೆಕ್ಕೆ ಮಾತ್ರ
ಕನ್ನಡಕ ಒರೆಸುತ್ತಾ ಹಲಗೆಯ ಮುಂದೆಯೇ ನಿಂತಿದ್ದರು:
'ಆ ಐದು ಸೆಂಟು ನನ್ನ ಪಿಂಚಣಿಯಿಂದ ತೆಗೆದದ್ದಲ್ಲವೇನಯ್ಯ?'

ವರ್ನರ್ ಉತ್ತರಿಸಲಿಲ್ಲ.
ಎಂಟನೆಯ ಜೊತೆ ಕಟ್ಟುತ್ತಿದ್ದ, ದಾರ ಸಾಲಲಿಲ್ಲ.
ಮೂರು ವರ್ಷ ಹಳೆಯ ದಾರವನ್ನೇ ಗಂಟು ಬಿಚ್ಚಿ ಬಳಸಿದವನು
ಗಲ್ಲಾ ಪೆಟ್ಟಿಗೆ ತೆರೆದು ಹುಡುಗನನ್ನು ಕೂಗಿದ:
ಒಂದಲ್ಲ, ನಾಲ್ಕು ಉಂಡೆ ತಾ.
ಇವತ್ತೇ.